ಐದನೇ ಹಲಗೆಯ ಮೇಲೆ ಎರಡು ಗುಂಡು

ಫೆಬ್ರವರಿ ೨೦, ಭಾನುವಾರ

ಇದೊಂದನ್ನು ಬರೆಯದೆ ಬಿಡುವವಳಿದ್ದೆ. ಗಾಳಿ, ಅಂಕ, ಯಾರು ಬಂದಿದ್ದರು, ಏನು ತಿಂದೆವು ಎಲ್ಲ ಬರೆದು ಪೆನ್ನಿನ ಮುಚ್ಚಳ ಹಾಕಿದ್ದೂ ಆಗಿತ್ತು. ಆಮೇಲೆ ಆ ಪುಟವನ್ನು ಹರಿದು ಒಲೆಗೆ ಹಾಕಿದೆ. ನಾನೊಬ್ಬಳೇ ಓದುವ ಪುಸ್ತಕದಲ್ಲೂ ಮುಚ್ಚಿಡುವುದಾದರೆ ಬರೆಯುವುದೇಕೆ? ಆದ್ದರಿಂದ ಮೊದಲು ಅದೇ: ನಿನ್ನೆ ಆಯ್ಕೆಯ ಪಂದ್ಯದಲ್ಲಿ, ಸಾವಿರ ಗಜದ ಸಾಲಿನಲ್ಲಿ ಮಲಗಿದ್ದಾಗ, ನಾನು ಮಾತಾಡಿದೆ. ಪಕ್ಕದ ದಿಬ್ಬದಲ್ಲಿ ರೈಫಲ್ ಹಿಡಿದು ಮಲಗಿದ್ದ ನೋಲೀನ್‌ಗೆ "ತಡಿ" ಅಂದೆ.

ಅಷ್ಟೇ. ತಂಡಗಳ ಪಂದ್ಯದಲ್ಲಾದರೆ ಅದು ತಪ್ಪಲ್ಲ. ಒಬ್ಬರು ಗಾಳಿ ಓದಿ ಹೇಳುವುದು, ಇನ್ನೊಬ್ಬರು ಬಂದೂಕಿನ ಕುದುರೆ ಎಳೆದು ಹೊಡೆಯುವುದು. ಎಷ್ಟೋ ವರ್ಷಗಳಿಂದ ನೋಲೀನ್ ಪಕ್ಕದಲ್ಲಿ ಮಲಗಿ ದುರ್ಬೀನಿನಲ್ಲಿ ಕಣ್ಣಿಟ್ಟು "ತಡಿ", "ಈಗ" ಅನ್ನುತ್ತ ಬಂದವಳು ನಾನು. ಆದರೆ ನಿನ್ನೆಯದು ಒಬ್ಬೊಬ್ಬರ ಪಂದ್ಯ. ಅಲ್ಲಿ ಪಕ್ಕದವರಿಗೆ ಗಾಳಿ ಹೇಳುವುದೆಂದರೆ ಪರೀಕ್ಷೆಯಲ್ಲಿ ಉತ್ತರ ಪಿಸುಗುಟ್ಟಿದ ಹಾಗೆ.

ಆದದ್ದು ಹೀಗೆ. ವಾಯವ್ಯದ ಗಾಳಿ ಬೆಳಗಿನಿಂದಲೂ ಬಾವುಟಗಳನ್ನು ಹಲಗೆಯಂತೆ ಸೆಟೆಸಿ ಹಿಡಿದಿತ್ತು. ಆಸ್ಟ್ರೇಲಿಯಾಕ್ಕೆ ಹೋಗುವ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ನಾಲ್ಕನೇ ಗುರಿಹಲಗೆ ನೋಲೀನಳದು, ಐದನೆಯದು ನನ್ನದು. ಅವಳು ನನಗಿಂತ ಒಂದು ಅಂಕ ಮುಂದಿದ್ದಳು. ನಾನು ಕುದುರೆ ಎಳೆದ ಗಳಿಗೆಯಲ್ಲೇ ಗಾಳಿ ಸತ್ತುಹೋಯಿತು. ಗುಂಡು ಹೊರಟಾಗಲೇ ಗೊತ್ತಾಯಿತು: ಇದು ಅಂಚಿಗೆ, ಹೆಚ್ಚೆಂದರೆ ಮೂರು ಅಂಕ. ತಲೆಯೆತ್ತಿದರೆ ಬಾವುಟಗಳೆಲ್ಲ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿದ್ದವು. ನೋಲೀನಳ ಬೆರಳು ಬಿಗಿಯುತ್ತಿತ್ತು. ನನ್ನ ಬಾಯಿ ತಾನಾಗಿ ಆಡಿತು. ಅವಳೂ ತಾನಾಗಿ ಕೇಳಿದಳು: ತಲೆಯೆತ್ತಿ ಬಾವುಟ ನೋಡಿ, ಗಾಳಿ ಮರಳಿದ್ದೇ ಕೆನ್ನೆಯನ್ನು ಮತ್ತೆ ರೈಫಲಿನ ಮರಕ್ಕೆ ಒತ್ತಿ ಹೊಡೆದಳು.

ಹೊಡೆದದ್ದು ನನ್ನ ಹಲಗೆಗೆ.

ಒಮ್ಮೆ ತಲೆಯೆತ್ತಿದರೆ ಮೈ ಸ್ವಲ್ಪ ತಿರುಗಿರುತ್ತದೆ. ಸೈಟಿನ ಉಂಗುರದೊಳಗೆ ಕಾಣುವುದು ಒಂದೇ ಕಪ್ಪು ವೃತ್ತ. ಅದರ ಮೇಲಿನ ಸಂಖ್ಯೆ ಕಾಣುವುದಿಲ್ಲ. ಕಂದಕದಲ್ಲಿ ಕೂತು ಹಲಗೆ ಇಳಿಸಿ ಗುರುತು ಹಾಕುವವರು ನನ್ನ ಗುಂಡಿಗೆ ತಡಮಾಡಿದ್ದರು. ಕೊನೆಗೆ ಇಳಿದ ನನ್ನ ಹಲಗೆ ಗುಂಡು ಬಿದ್ದ ಜಾಗ ತೋರಿಸುವ ಎರಡು ಬಿಲ್ಲೆ ಹೊತ್ತು ಮೇಲೆ ಬಂತು: ಒಂದು ನಟ್ಟನಡುವೆ, ಒಂದು ಅಂಚಿನಲ್ಲಿ. ಅವಳ ಹಲಗೆ ಕದಲಲೇ ಇಲ್ಲ. ಇಬ್ಬರದೂ ಒಂದೇ ಬಗೆಯ ಗುಂಡು, ಒಂದೇ ಮೇಜಿನ ಮೇಲೆ ಇಬ್ಬರೂ ಸೇರಿ ತುಂಬಿದ ತೋಟಾಗಳು. ಯಾವುದು ಯಾರದೆಂದು ತೂತು ಹೇಳುವುದಿಲ್ಲ. ಹಾಗಾದಾಗ ಹಲಗೆಯ ಒಡತಿಗೆ ಹೆಚ್ಚಿನ ಅಂಕ ಎಂಬುದು ನಿಯಮ. ನನಗೆ ಐದು, ನೋಲೀನ್‌ಗೆ ಸೊನ್ನೆ.

ಬೇರೆಯವರ ಹಲಗೆಗೆ ಹೊಡೆದವರು ಆ ಹಲಗೆಯವರಿಗೆ ಬಿಯರ್ ಕೊಡಿಸಬೇಕೆಂಬುದು ನಮ್ಮ ಕ್ಲಬ್ಬಿನ ಪದ್ಧತಿ. ಚಹಾದ ಶೆಡ್ಡಿನಲ್ಲಿ ಚೀಸ್ ರೋಲಿನ ತಟ್ಟೆ ಸರಿಸಿ ನೋಲೀನ್ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದಳು.

"ಕುಡಿ ಕಣೇ. ನಿನ್ನ ಹಲಗೆ ಅಷ್ಟು ಚೆನ್ನಾಗಿ ಕಾಣ್ತು, ಆಸೆ ತಡ್ಕೊಳಕ್ಕಾಗ್ಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಡಿದೆ. ನಾನು ಮಾತಾಡಿದ್ದು ಅವಳಿಗೆ ನೆನಪಿರುವಂತೆ ಕಾಣಲಿಲ್ಲ. ಆ ಗಾಳಿಯಲ್ಲಿ ಹಿಂದೆ ಕೂತು ಅಂಕ ಬರೆಯುತ್ತಿದ್ದವರಿಗೂ ಕೇಳಿಸಿರಲಾರದು.

ಫೆಬ್ರವರಿ ೨೨, ಮಂಗಳವಾರ

ತಂಡದ ನಾಯಕ ಸ್ಟ್ರುವನ್ ಫೋನ್ ಮಾಡಿದ್ದರು.

"ರೋನಾ, ಕೂತಿದ್ದೀಯಾ ನಿಂತಿದ್ದೀಯಾ?"

"ಆಲೂಗೆಡ್ಡೆ ಸುಲೀತಿದ್ದೀನಿ."

"ಹಾಗಾದ್ರೆ ಚಾಕು ಕೆಳಗಿಡು. ಕೊನೇ ಜಾಗ ನಿಂದು. ಮೇ ತಿಂಗಳಿಗೆ ಬಟ್ಟೆ ಕಟ್ಟು."

ಹಿಂದೆ ಎರಡು ಬಾರಿ ನಾನು ಮೀಸಲು. ಎರಡು ಬಾರಿಯೂ ಪೆಟ್ಟಿಗೆ ಕಟ್ಟಿ, ಯಾರಿಗಾದರೂ ಜ್ವರ ಬಂದೀತೇ ಎಂದು ಕಾದಿದ್ದೆ. ಬರಲೆಂದು ಹರಸಿದ್ದೆ ಅಂದರೂ ತಪ್ಪಿಲ್ಲ. ಯಾರಿಗೂ ಬರಲಿಲ್ಲ. ಈ ಜಾಗ ನನಗೆ ಎಷ್ಟು ಬೇಕಾಗಿತ್ತೆಂದು ಗಂಡ ಇಯನ್‌ಗೆ ಕೂಡ ಹೇಳಿದವಳಲ್ಲ. ಅವನು ಲಾರಿಯಿಂದ ಇಳಿದು ಬಂದು, ಸುದ್ದಿ ಕೇಳಿ, ಟೋಪಿ ತೆಗೆದು ಬಾಗಿದ.

"ನಲವತ್ತಾರು ವರ್ಷಕ್ಕೆ ಕೊನೆಗೂ ನಿನ್ನ ಕಣ್ಣಿಗೆ ಒಂದು ಬೆಲೆ ಬಂತು. ಆಲೂಗೆಡ್ಡೆ ಏನಾಯ್ತು?"

ಸೀದುಹೋಗಿತ್ತು.

ನೋಲೀನ್‌ಗೆ ನಾನೇ ಹೇಳಬೇಕಾಗಿತ್ತು. ಹೇಳಿದೆ. "ನಂಗೆ ಆಗ್ಲೇ ಗೊತ್ತು, ಸ್ಟ್ರುವನ್ ಮೊದ್ಲು ನಂಗೆ ಸಮಾಧಾನ ಹೇಳಿ ಆಮೇಲೆ ನಿಂಗೆ ಫೋನ್ ಮಾಡಿದ್ದು" ಅಂದಳು. "ಗುರುವಾರ ಅಲ್ಲ, ಅದರ ಮುಂದಿನ ಗುರುವಾರ ಬಾ. ನಿನ್ನ ತೋಟಾ ಶುರು ಮಾಡೋಣ. ಈ ಸಲ ಒಂದೊಂದೂ ಮಗು ಥರ ತೂಗಿ ತುಂಬ್ತೀನಿ."

ನಿಯಮ ನಾನು ಮಾಡಿದ್ದಲ್ಲ. ಗುಂಡು ಅವಳು ಹೊಡೆದದ್ದು. ಇವೆರಡೂ ನಿಜ.

ಫೆಬ್ರವರಿ ೨೬, ಶನಿವಾರ

ಕ್ಲಬ್ಬಿನ ಅಭ್ಯಾಸ. ಗಾಳಿ ಹಗುರ. ದುರ್ಬೀನಿನಲ್ಲಿ ಬಿಸಿಲ್ಗುದುರೆ ತೊರೆಯ ನೀರಿನ ಹಾಗೆ ಎಡದಿಂದ ಬಲಕ್ಕೆ ಸಣ್ಣಗೆ ಹರಿಯುತ್ತಿತ್ತು; ಒಂದೊಂದು ಸಲ ನಿಂತು, ಕುದಿಯುವಂತೆ ನೇರ ಮೇಲೇಳುತ್ತಿತ್ತು. ಹಾಕ್‌ಡನ್ ಬೆಟ್ಟದ ಮೇಲೆ ಮೋಡ ಹಾಯ್ದಾಗಲೆಲ್ಲ ಹೀಗೆ ನಿಲ್ಲುತ್ತದೆಂದು ನನಗನಿಸಿತು. ಇನ್ನೊಮ್ಮೆ ನೋಡಬೇಕು.

ನೋಲೀನಳ ಎಡಗೈಯ ಹಿಂಭಾಗದಲ್ಲಿ ಬಾಲ್‌ಪೆನ್ನಿನಿಂದ ದೊಡ್ಡದಾಗಿ ೩ ಎಂದು ಬರೆದಿತ್ತು. ಇವತ್ತು ಅವಳ ಹಲಗೆಯ ಸಂಖ್ಯೆ.

"ಇದೇನೇ?"

"ಮನೆ ವಿಳಾಸ. ಕಳೆದುಹೋದ್ರೆ ತಂದುಬಿಡ್ತಾರೆ."

ನಗಲಿಕ್ಕೆಂದೇ ಹೇಳಿದ್ದು, ನಕ್ಕೆವು. ಆದರೆ ಅವಳು ಹೊಡೆಯುವುದನ್ನು ನೋಡುತ್ತ ಕೂತಾಗ ನಗು ನಿಂತಿತು. ಗುರಿ ಹಿಡಿಯುತ್ತಾಳೆ, ಉಸಿರು ಬಿಡುತ್ತಾಳೆ, ಬೆರಳು ಬಿಗಿಯುತ್ತದೆ, ಅಷ್ಟರಲ್ಲಿ ತಲೆಯೆತ್ತಿ ಕೈ ನೋಡುತ್ತಾಳೆ, ದೂರದ ಸಂಖ್ಯೆ ನೋಡುತ್ತಾಳೆ, ಮತ್ತೆ ಮಲಗುತ್ತಾಳೆ. ಅಷ್ಟು ಹೊತ್ತಿಗೆ ಗಾಳಿ ಬೇರೆಯಾಗಿರುತ್ತದೆ. ಎದ್ದಾಗ ಅವಳ ಅಂಕ ನಾನು ಎಂದೂ ಕಾಣದಷ್ಟು ಕೆಳಗಿತ್ತು.

"ಮೂರಕ್ಕೇ ಹೊಡೆದೆ ತಾನೇ, ಎಲ್ಲಾನೂ?" ಎಂದು ಕೇಳಿದಳು.

"ಎಲ್ಲಾನೂ."

"ಹಾಗಾದ್ರೆ ಸಾಕು ಬಿಡು."

ನನ್ನ ಅಂಕ ಬರೆದಿಟ್ಟುಕೊಳ್ಳುವುದು ಮರೆತೆ.

ಮಾರ್ಚ್ ೩, ಗುರುವಾರ

ನೋಲೀನಳ ಮನೆಯಲ್ಲಿ ಬಟ್ಟೆ ಒಗೆಯುವ ಹಳೆಯ ಕೋಣೆಯೊಂದರಲ್ಲಿ ನಾವು ತೋಟಾ ತುಂಬುವ ಮೇಜು. ಗೋಡೆಯ ಮೇಲೆ ಅವಳೇ ಬರೆದು ಅಂಟಿಸಿದ ಎರಡು ಆಜ್ಞೆಗಳಿವೆ: ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ; ಮದ್ದು ಸುರಿಯುವವರ ಜೊತೆ ಮಾತಿಲ್ಲ. ಅವಳು ತೂಗಿ ಸುರಿಯುವುದು, ನಾನು ಗುಂಡು ಕೂರಿಸುವುದು. ಉಜ್ಜಿ ತೊಳೆದ ಹಿತ್ತಾಳೆ ಕೋಶಗಳನ್ನು, ಹಿಂಬದಿಗೆ ಕಿಡಿ ಕೊಡುವ ಕೇಪು ಒತ್ತಿ, ಮರದ ಅಚ್ಚಿನಲ್ಲಿ ಸಾಲಾಗಿ ನಿಲ್ಲಿಸಿರುತ್ತೇವೆ. ತಕ್ಕಡಿಯ ಮುಳ್ಳು ನಿಂತ ಮೇಲೆ ಅವಳು ಸಣ್ಣ ಲಾಳಿಕೆಯಲ್ಲಿ ಮದ್ದು ಸುರಿಯುತ್ತಾಳೆ. ಸಾಲು ಮುಗಿದಾಗ ಟಾರ್ಚ್ ಹಿಡಿದು ಎಲ್ಲ ಕೋಶಗಳ ಬಾಯಿಯೊಳಗೆ ನೋಡುತ್ತಾಳೆ, ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿದೆಯೇ ಎಂದು. ಆಮೇಲೆ ನನ್ನ ಸರದಿ. ಈ ಕೋಣೆಯ ಮೌನದಷ್ಟು ಹಿತವಾದ ಮೌನ ನಾನು ಬೇರೆಲ್ಲೂ ಕಂಡಿಲ್ಲ.

ಇವತ್ತು ಅವಳು ಟಾರ್ಚ್ ಹಿಡಿದು ನೋಡಿದಳು. ಕೆಳಗಿಟ್ಟಳು. ಮತ್ತೆ ನೋಡಿದಳು. ಒಂದು ಕೋಶದ ಮದ್ದನ್ನು ವಾಪಸು ತಕ್ಕಡಿಗೆ ಸುರಿದು ತೂಗಿದಳು. ಸರಿಯಾಗಿತ್ತು. ಪಕ್ಕದ್ದನ್ನೂ ಸುರಿದಳು. ಅದೂ ಸರಿಯಾಗಿತ್ತು. ಹಾಗೇ ಇಡೀ ಸಾಲು. ಮಧ್ಯಾಹ್ನವೆಲ್ಲ ಕಳೆದರೂ ಒಂದು ಅಚ್ಚು ಮುಗಿಯಲಿಲ್ಲ.

ಚಹಾಕ್ಕೆಂದು ಹೊರಗೆ ಮೆಟ್ಟಿಲ ಮೇಲೆ ಕೂತಾಗ, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಹೇಳಿದಳು:

"ಅಮ್ಮಂಗೆ ಹೇಗೆ ಶುರುವಾಯ್ತು ಗೊತ್ತಾ? ಒಂದಿನ ಸಂಜೆ ಪಕ್ಕದ ಮನೆ ಗೇಟ್ ತೆಗೆದು ಒಳಗೆ ಹೋಗಿ, ಅಡುಗೆಮನೇಲಿ ನಿಂತು ಕ್ಯಾರೆಟ್ ಹೆಚ್ತಾ ಇದ್ಲು. ಅವರ ಚಾಕು, ಅವರ ಕ್ಯಾರೆಟ್. ತನ್ನದೇ ಮನೆ ಅನ್ಕೊಂಡಿದ್ಲು. ಎಲ್ರೂ ನಕ್ಕಿದ್ವಿ. ಆಗ ಅಮ್ಮಂಗೆ ಈಗ ನನಗಿರೋ ವಯಸ್ಸು."

ನಾನು ಬಟ್ಟಲಿನ ತಳದ ಚಹಾವನ್ನು ಹುಲ್ಲಿಗೆ ಚೆಲ್ಲಿದೆ.

"ಪಕ್ಕದ ಮನೆ ಗೇಟು, ಪಕ್ಕದ ಹಲಗೆ. ಏನು ದೊಡ್ಡ ವ್ಯತ್ಯಾಸ ಹೇಳು? ಪಕ್ಕದವರ ಹಲಗೆಗೆ ಹೊಡೆಯೋಳು ಒಂದೇ ಕೋಶಕ್ಕೆ ಎರಡು ಸಲ ಮದ್ದು ಸುರಿಯಲ್ಲ ಅಂತ ಹೇಗೆ ನಂಬೋದು? ಅದು ಬಂದೂಕಲ್ಲಿ ಸಿಡಿದ್ರೆ ನಿನ್ನ ಕಣ್ಣು ಹೋಗುತ್ತೆ, ನಂದಲ್ಲ."

ಆಗ ಹೇಳಬಹುದಾಗಿತ್ತು. ಮಾತು ನಾಲಿಗೆಯ ತನಕ ಬಂದಿತ್ತು. ಬದಲಿಗೆ ಹೇಳಿದೆ: "ಎಲ್ರೂ ಜೀವನದಲ್ಲಿ ಒಂದ್ಸಲ ಪಕ್ಕದ ಹಲಗೆಗೆ ಹೊಡೆದಿರ್ತಾರೆ ಕಣೇ."

ಅದೂ ನಿಜವೇ. ಸುಳ್ಳು ಹೇಳದೆ ತಪ್ಪಿಸಿಕೊಳ್ಳುವುದರಲ್ಲಿ ನಾನು ಇಷ್ಟು ಪಳಗಿದ್ದೇನೆಂದು ಗೊತ್ತಿರಲಿಲ್ಲ.

ಮಾರ್ಚ್ ೫, ಶನಿವಾರ

ಕುರಿಮರಿಗಳ ಉಣ್ಣೆ ಬರತೊಡಗಿದೆ. ವಾರವೆಲ್ಲ ಉಣ್ಣೆಯ ಶೆಡ್ಡಿನಲ್ಲಿ ನಿಂತು ವಿಂಗಡಿಸಿದ್ದು. ಬೆರಳಿಗೆ ಗೊತ್ತಾಗುವುದನ್ನು ತಲೆ ಆಮೇಲೆ ಒಪ್ಪಿಕೊಳ್ಳುತ್ತದೆ. ಕೈಗೆ ಒರಟೆನಿಸಿದ ಉಣ್ಣೆಯನ್ನು ನಯದ ರಾಶಿಗೆ ಹಾಕಲು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮನಸ್ಸಾಗಿಲ್ಲ.

ಇಂದು ಅಭ್ಯಾಸಕ್ಕೆ ಹೋಗಲಿಲ್ಲ. ದಣಿವು. ಚೆನ್ನಾಗಿಯೇ ನಿದ್ದೆ ಬರುತ್ತಿದೆ.

ಮಾರ್ಚ್ ೯, ಬುಧವಾರ

ನೋಲೀನಳ ಗಂಡ ಬೆವನ್ ಶೆಡ್ಡಿಗೆ ಬಂದಿದ್ದ. ಉಣ್ಣೆ ನೋಡುವ ನೆಪ. ಬೆವನ್ ನೆಪ ಹುಡುಕುವವನಲ್ಲ. ಬಂದವನು ಬಾಗಿಲಲ್ಲೇ ನಿಂತು ಒಂದು ಹಿಡಿ ಉಣ್ಣೆಯನ್ನು ತಿರುವಿ ತಿರುವಿ ಹಾಳುಮಾಡಿದ.

"ಬೆವನ್, ಅದು ಬಿಟ್ಟು ಮಾತಾಡು."

"ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗ್ಬಾರ್ದು."

"ಸರಿ."

"ಮುಂದಿನ ವಾರ ಡನೀಡನ್‌ಗೆ ಕರ್ಕೊಂಡು ಹೋಗ್ತಿದ್ದೀನಿ. ಮರೆವಿನ ಡಾಕ್ಟ್ರು. ಅವಳೇ ಫೋನ್ ಮಾಡಿ ದಿನ ಗೊತ್ತು ಮಾಡ್ಕೊಂಡಿದ್ದಾಳೆ. ರೈಫಲ್ ಮಾರಿಬಿಡು ಅಂತಾಳೆ. ಗಾಡಿನೂ ಓಡಿಸ್ತಿಲ್ಲ ರೋನಾ. ಪೇಟೆಗೆ ಅಂದ್ರೆ ನಾನೇ ಹೋಗ್ಬೇಕು. 'ಎದುರು ಬರೋರ ಕಡೆ ಹೋಗಿಬಿಟ್ರೆ?' ಅಂತಾಳೆ. ಆ ರಸ್ತೇಲಿ ದಿನಕ್ಕೆ ಎದುರು ಬರೋದು ನಿನ್ನ ಗಂಡನ ಲಾರಿ ಒಂದೇ!"

ನಗಲು ನೋಡಿದ, ಆಗಲಿಲ್ಲ.

"ನಿಂಗೇನಾದ್ರೂ ಕಾಣುತ್ತಾ? ಅವಳ ಪಕ್ಕದಲ್ಲೇ ಇರೋಳು ನೀನು. ಆವತ್ತು ಪಂದ್ಯದಲ್ಲಿ ಏನಾದ್ರೂ ಬೇರೆ ಥರ ಇದ್ಲಾ?"

"ಇಲ್ಲ" ಅಂದೆ. "ಎಂದಿನ ಹಾಗೇ ಇದ್ಲು."

ಅವನು ಹೋದ ಮೇಲೆ ಬಹಳ ಹೊತ್ತು ಉಣ್ಣೆ ವಿಂಗಡಿಸುವ ಮೇಜಿನ ಮುಂದೆ ನಿಂತಿದ್ದೆ. ಎಂದಿನ ಹಾಗೇ ಇದ್ದಳು ಎಂಬುದೇ ತೊಂದರೆ. ಎಂದಿನ ಹಾಗೇ ಇದ್ದದ್ದರಿಂದಲೇ ನಾನು ಹೇಳಿದ್ದನ್ನು ಕೇಳಿದಳು.

ಇಷ್ಟು ದಿನ ನಾನು ಲೆಕ್ಕ ಹಾಕುತ್ತಿದ್ದದ್ದು ಒಂದು ಜಾಗದ್ದು: ಅವಳದೋ ನನ್ನದೋ. ಅವಳು ಅಲ್ಲಿ ಕೂತು ಬೇರೆಯದನ್ನೇ ಲೆಕ್ಕ ಹಾಕುತ್ತಿದ್ದಾಳೆ.

ಮಾರ್ಚ್ ೧೦, ಗುರುವಾರ

ಫೋನ್ ಎತ್ತಿದೆ. ಇಟ್ಟೆ.

ಮಾರ್ಚ್ ೧೨, ಶನಿವಾರ

ಹೇಳಿದೆ.

ಅಂಗಳಕ್ಕೆ ಕಾಲಿಡುವಾಗಲೇ ಸದ್ದು ಕೇಳುತ್ತಿತ್ತು: ಟಕ್, ಟಕ್, ಟಕ್. ಒಗೆಯುವ ಕೋಣೆಯಲ್ಲಿ ನೋಲೀನ್ ನಮ್ಮ ತೋಟಾಗಳನ್ನು ಬಿಚ್ಚುತ್ತಿದ್ದಳು. ಅದಕ್ಕೊಂದು ಪ್ಲಾಸ್ಟಿಕ್ ಸುತ್ತಿಗೆಯಿದೆ. ತೋಟಾವನ್ನು ಅದರ ಹೊಟ್ಟೆಯೊಳಗೆ ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ ಗುಂಡು ಕಳಚಿ ಬೀಳುತ್ತದೆ, ಮದ್ದು ಹಿಂದೆಯೇ ಸುರಿಯುತ್ತದೆ. ಒಂದಕ್ಕೆ ಎರಡು ಮೂರು ಏಟು ಬೇಕು. ಚಳಿಗಾಲದಿಂದ ನಾವು ತುಂಬಿಟ್ಟದ್ದೆಲ್ಲ ಅವಳ ಪಕ್ಕದಲ್ಲಿ ಪೆಟ್ಟಿಗೆ ಪೆಟ್ಟಿಗೆ ಇತ್ತು. ಪಂದ್ಯಕ್ಕೆ ಮುಂಚೆ ತುಂಬಿದವೂ, ನನ್ನ ಆಸ್ಟ್ರೇಲಿಯಾದವೂ. ಕಿಟಕಿಯಿಂದ ಕಾಣುವ ಗುಲಾಬಿ ಗಿಡಗಳ ಬುಡದಲ್ಲಿ ಬೂದು ಬಣ್ಣದ ಮದ್ದು ಹರಡಿತ್ತು. ನಂಬಿಕೆಯಿಲ್ಲದ ಮದ್ದನ್ನು ಮತ್ತೆ ಡಬ್ಬಿಗೆ ಹಾಕಬಾರದು, ಗಿಡಕ್ಕೆ ಹಾಕಬೇಕು.

"ನಿಂಗೆ ಹೊಸ ತೋಟಾ ಬೇರೆ ಯಾರಾದ್ರೂ ತುಂಬಿಕೊಡ್ತಾರೆ" ಅಂದಳು, ತಲೆಯೆತ್ತದೆ. "ಇವನ್ನ ನಾನು ಸರಿಯಾಗಿ ತೂಗಿದ್ನೋ ಇಲ್ವೋ ಅಂತ ಆಣೆ ಮಾಡಕ್ಕಾಗಲ್ಲ ಕಣೇ. ಎಲ್ಲ ಸರಿಯಾಗೇ ಇದೆ ಅನ್ಸುತ್ತೆ. ಅಮ್ಮಂಗೂ ಹಾಗೇ ಅನ್ಸಿತ್ತು."

"ನೋಲೀನ್, ಸುತ್ತಿಗೆ ಕೆಳಗಿಡು."

"ಇದೊಂದು ಪೆಟ್ಟಿಗೆ ಮುಗಿಸ್ತೀನಿ."

"ನಾನು ನಿಂಗೆ 'ತಡಿ' ಅಂದೆ."

"ಏನು ತಡಿ?"

"ಆವತ್ತು. ಸಾವಿರ ಗಜದಲ್ಲಿ. ನೀನು ಕುದುರೆ ಎಳೆಯೋದ್ರಲ್ಲಿದ್ದೆ, ಗಾಳಿ ಬಿತ್ತು. 'ತಡಿ' ಅಂದೆ. ಅದಕ್ಕೇ ನೀನು ತಲೆ ಎತ್ತಿದ್ದು. ಮತ್ತೆ ಮಲಗಿದಾಗ ನಿನ್ನ ಸೈಟಿಗೆ ನನ್ನ ಹಲಗೆ ಸಿಕ್ತು. ನೀನಾಗೇ ತಪ್ಪಿದ್ದಲ್ಲ."

ಅವಳು ನನ್ನನ್ನು ನೋಡಿದಳು. ಮುಖದ ಮೇಲೆ ಏನೂ ಇರಲಿಲ್ಲ. ಗಾಳಿ ಯಾವ ಕಡೆಯಿಂದ ಏಳುತ್ತದೆಂದು ಗೊತ್ತಾಗದ ಬಯಲಿನ ಹಾಗೆ ಇತ್ತು.

"ನಂಗೆ ಕೇಳಿಸಿದ್ದೇ ನೆನಪಿಲ್ಲ."

"ನಿಂಗೆ ಕೇಳಿಸೋದೂ ಇಲ್ಲ ಈಗೀಗ. ನಾನು ಹೇಳ್ತೀನಿ, ನೀನು ಮಾಡ್ತೀಯ. ಅಷ್ಟು ವರ್ಷದ ರೂಢಿ."

"ಗೊತ್ತಿತ್ತಾ ನಿಂಗೆ? ಆವತ್ತಿಂದಾನೂ?"

"ಗೊತ್ತಿತ್ತು."

"ಅಮ್ಮನ ಕ್ಯಾರೆಟ್ ಕಥೆ ಹೇಳ್ದಾಗ್ಲೂ?"

"ಹೂಂ."

ಅವಳು ಸುತ್ತಿಗೆಯೊಳಗಿದ್ದ ತೋಟಾವನ್ನು ಕೊರಡಿಗೆ ಬಡಿದಳು. ಒಂದೇ ಏಟಿಗೆ ಬಿಚ್ಚಿತು.

"ತೋಟಾ ತುಂಬೋ ಕೋಣೇಲಿ ಕೂತು ನಿನ್ನ ಬಯ್ಯಬಾರ್ದು, ಅದೂ ಒಂದು ನಿಯಮ ಇರ್ಬೇಕು ಎಲ್ಲೋ. ಮನೆಗೆ ಹೋಗು ರೋನಾ. ಇವತ್ತು ನಿನ್ನ ಮುಖ ನೋಡಕ್ಕಾಗಲ್ಲ."

ಬಂದೆ. ದಾರಿಯುದ್ದಕ್ಕೂ ಹಗುರವಾದೀತೆಂದು ಕಾದೆ. ಆಗಲಿಲ್ಲ. ಅವಳ "ಅಮ್ಮನ ಕ್ಯಾರೆಟ್ ಕಥೆ ಹೇಳ್ದಾಗ್ಲೂ" ಎಂಬುದಕ್ಕೆ ಯಾವ ನಿಯಮವೂ ಉತ್ತರ ಕೊಡುವುದಿಲ್ಲ.

ಮಾರ್ಚ್ ೧೩, ಭಾನುವಾರ

ಮಧ್ಯಾಹ್ನ ನೋಲೀನ್ ಬಂದಳು. ಗಾಡಿ ಅವಳೇ ಓಡಿಸಿಕೊಂಡು ಬಂದಳು. ಗೇಟಿನ ಹೊರಗೇ ನಿಲ್ಲಿಸಿ ಹಾರನ್ ಒತ್ತಿದಳು, ಇಳಿಯಲಿಲ್ಲ. ನಾನು ಹೋಗಿ ಕಿಟಕಿಯ ಹತ್ತಿರ ನಿಂತೆ.

"ಬಯ್ಯೋಕೆ ಬಂದಿದ್ದೀನಿ. ಮಧ್ಯೆ ಬಾಯಿ ಹಾಕ್ಬೇಡ."

ಹಾಕಲಿಲ್ಲ.

"ಜಾಗ ಹೋಯ್ತು ಅಂತ ನಂಗೆ ಸಿಟ್ಟಿಲ್ಲ. ಹೊಡೆದಿದ್ದು ನನ್ನ ಬೆರಳು. ನೀನು ತಡಿ ಅಂದೆ, ಪಕ್ಕದ ಹಲಗೆಗೆ ಹೊಡಿ ಅನ್ಲಿಲ್ಲ. ಆದ್ರೆ ಮೂರು ವಾರ ನಾನು ನನ್ನ ಕೈ ಮೇಲೆ ನಂಬರ್ ಬರ್ಕೊಂಡು ಓಡಾಡ್ದೆ. ನೀನು ನೋಡ್ತಾ ಇದ್ದೆ. ಬೆವನ್ ಸ್ಟವ್ ಆರಿಸಿದ್ದೀನಾ ಅಂತ ನನ್ನ ಹಿಂದೇನೇ ಬಂದು ನೋಡ್ತಿದ್ದ. ನಾನು ಮಗಳಿಗೆ ಹೇಳ್ದೆ, 'ನಂಗೇನಾದ್ರೂ ಆದ್ರೆ ಅಮ್ಮನ್ನ ಹಾಕಿದ ಜಾಗಕ್ಕೆ ಮಾತ್ರ ಹಾಕ್ಬೇಡ' ಅಂತ. ಇಷ್ಟೂ ಆಯ್ತು. ನಿನ್ನ ಒಂದು ಮಾತಿಗೆ."

"ಒಂದು ಮಾತಿಗಲ್ಲ" ಅಂದೆ. "ಆಡದೇ ಇದ್ದಿದ್ದಕ್ಕೆ."

"ಬಾಯಿ ಹಾಕ್ಬೇಡ ಅಂದೆ."

ಕೊನೆಗೆ ಅವಳೇ ಬಾಗಿಲು ತೆಗೆದು ಇಳಿದಳು. ಬೇಲಿಗೆ ಒರಗಿ ನಿಂತೆವು. ಸ್ಟ್ರುವನ್‌ಗೆ ಬರೆಯುತ್ತೇನೆಂದು ಹೇಳಿದೆ. ತಂಡದ ಜಾಗ ಬಿಡುತ್ತೇನೆಂದೂ ಹೇಳಿದೆ. ಅವಳು ಬೇಡವೆನ್ನಬಹುದೆಂದು ಎಲ್ಲೋ ಒಳಗೆ ಕಾದಿದ್ದೆ. ಹಾಗೆ ಕಾದಿದ್ದೆನೆಂದು ಈಗ ಬರೆಯುವಾಗ ಗೊತ್ತಾಗುತ್ತಿದೆ.

"ಬರಿ" ಅಂದಳು. "ಆ ಜಾಗ ನಂಗೆ ಬಂದ್ರೆ ತಗೋತೀನಿ. ಬೇಡ ಅನ್ನೋವಷ್ಟು ಒಳ್ಳೇವಳಲ್ಲ ನಾನು. ಆದ್ರೆ ಪಾಪ ನೋಲೀನ್, ಬಡಪಾಯಿ ನೋಲೀನ್ ಅಂತೆಲ್ಲ ಬರ್ದ್ರೆ ನಿನ್ನ ಸುಮ್ನೆ ಬಿಡಲ್ಲ. ನೀನು ಮಾಡಿದ್ದು ಬರಿ, ಅಷ್ಟೇ. ಡಾಕ್ಟ್ರ ಹತ್ರ ಅಂತೂ ಹೋಗೇ ಹೋಗ್ತೀನಿ. ನಿನ್ನ ಮಾತಿಂದ ಅಮ್ಮನ ರಕ್ತ ಬದಲಾಗಲ್ಲ."

ಹೊರಡುವಾಗ ಗಾಡಿಯನ್ನು ಹಿಂದೆ ತೆಗೆಯುತ್ತ ನಮ್ಮ ಅಂಚೆ ಡಬ್ಬಿಯ ಕಂಬವನ್ನು ಸವರಿದಳು. ಕಿಟಕಿಯಿಂದ ತಲೆ ಹಾಕಿ, "ಅದು ಮರೆವಲ್ಲ, ಸಿಟ್ಟು!" ಎಂದು ಕೂಗಿದಳು.

ಮಾರ್ಚ್ ೧೭, ಗುರುವಾರ

ಬೆಳಗಿನಿಂದ ಶೆಡ್ಡಿನಲ್ಲಿ ಕೈ ಓಡಲಿಲ್ಲ. ಸಂಜೆ ನೋಲೀನ್ ಡನೀಡನ್‌ನಿಂದಲೇ ಫೋನ್ ಮಾಡಿದಳು, ಹಿಂದೆ ಬಸ್ಸುಗಳ ಸದ್ದು.

"ನೂರರಿಂದ ಏಳೇಳು ಕಳೀತಾ ಬನ್ನಿ ಅಂದ. ಸಾವಿರ ಗಜದಿಂದ ಶುರು ಮಾಡ್ಲಾ ಅಂದೆ. ನಗಲೇ ಇಲ್ಲ ಪುಣ್ಯಾತ್ಮ."

"ಏನಂದ್ರು ನೋಲೀನ್?"

"ವಯಸ್ಸಿಗೆ ತಕ್ಕ ಮರೆವು, ಅಷ್ಟೇ ಅಂದ. ಮುಂದಿನ ವರ್ಷ ಇನ್ನೊಂದ್ಸಲ ಬಂದು ತೋರಿಸಿ ಅಂದ. ಬೆವನ್ ಕಾರಲ್ಲಿ ಅಳ್ತಾ ಕೂತಿದ್ದಾನೆ, ಮೀನು ಕೊಡಿಸಿ ಸುಮ್ನಾಗಿಸ್ಬೇಕು. ಇಡ್ತೀನಿ."

ನಾನು ಫೋನ್ ಇಟ್ಟು ಹೊರಗೆ ಬಂದೆ. ಇಯನ್ ಲಾರಿಗೆ ನೀರು ಹೊಡೆಯುತ್ತಿದ್ದ. ಏನೂ ಕೇಳದೆ ಪೈಪನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ಪಕ್ಕ ಉಜ್ಜತೊಡಗಿದ.

ಮಾರ್ಚ್ ೧೯, ಶನಿವಾರ

ಜಿಲ್ಲೆಯ ತಂಡಗಳ ಅಭ್ಯಾಸ, ಒಂಬೈನೂರು ಗಜ. ನೋಲೀನ್ ಬರುವಳೋ ಇಲ್ಲವೋ ಎಂದುಕೊಂಡೇ ಹೋದೆ. ಅವಳು ಆಗಲೇ ಚಾಪೆ ಹಾಸಿದ್ದಳು. ಕೈ ಮೇಲೆ ಏನೂ ಬರೆದಿರಲಿಲ್ಲ. ತೋಟಾಗಳನ್ನು ಈ ವಾರ ಹೊಸದಾಗಿ, ಒಬ್ಬಳೇ ಕೂತು ತುಂಬಿದ್ದಳಂತೆ. ನನ್ನನ್ನು ಕರೆದಿರಲಿಲ್ಲ. ಅದು ನ್ಯಾಯವೇ.

"ನಿಂತಿದ್ದೀಯಲ್ಲ, ಮಲ್ಕೋ" ಅಂದಳು. "ಇಲ್ಲಿ ಮಾತಾಡಕ್ಕೆ ನಿಂಗೆ ಪರವಾನಗಿ ಇದೆ."

ದುರ್ಬೀನು ಹೂಡಿ ಪಕ್ಕದಲ್ಲಿ ಮಲಗಿದೆ. ಆಗ್ನೇಯದಿಂದ ಸಣ್ಣ ಗಾಳಿ, ಆದರೆ ಹಲಗೆಗಳ ಹತ್ತಿರ ಬೇರೆ. ಅಲ್ಲಿನ ಹುಲ್ಲು ಒಂದು ಕಡೆಗೆ ಬಾಗಿದರೆ ಮಧ್ಯದ ಬಾವುಟ ಇನ್ನೊಂದು ಕಡೆಗೆ ಎಳೆಯುತ್ತಿತ್ತು. ಎರಡು ಗಾಳಿಗಳು ಎದುರುಬದುರು ಹಾಯುವಾಗ ನಡುವೆ ಒಂದು ಗಳಿಗೆ ಬಿಸಿಲ್ಗುದುರೆ ನಿಚ್ಚಳವಾಗಿ ಎಡಕ್ಕೆ ವಾಲುತ್ತದೆ. ಆ ವಾಲಿಕೆಯನ್ನೇ ನಂಬಿ ಹೇಳುತ್ತ ಹೋದೆ. ಅವಳು ಹೊಡೆಯುತ್ತ ಹೋದಳು. ಮೊದಲೆರಡು ಗುಂಡಿಗೆ ನನ್ನ ಮಾತಿನ ನಂತರವೂ ಒಂದು ಕ್ಷಣ ತಡೆದಳು, ನಾನು ಹೇಳಿದ್ದನ್ನು ತಾನೂ ನೋಡಿಕೊಳ್ಳುವ ಹಾಗೆ. ಹಿಂದೆ ಹಾಗೆ ಮಾಡಿದವಳಲ್ಲ. ಆಮೇಲೂ ಪ್ರತಿ ಗುಂಡಿಗೂ ನೋಡಿಕೊಂಡೇ ಹೊಡೆದಳು. ಇನ್ನು ಮುಂದೆ ಬಹುಶಃ ಹೀಗೆಯೇ. ಇದು ಮೊದಲಿಗಿಂತ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು, ಆದರೆ ಅಂಕ ಚೆನ್ನಾಗಿಯೇ ಬಂತು.

ಅವಳಾದ ಮೇಲೆ ಇನ್ನಿಬ್ಬರು ಬಂದು ಮಲಗಿದರು, ಅವರಿಗೂ ಗಾಳಿ ಹೇಳಿದೆ. ಸಂಜೆ ಮನೆಗೆ ಬಂದು ಗಾಡಿಯಿಂದ ಸಾಮಾನಿಳಿಸುವಾಗ ನೋಡಿದರೆ ನನ್ನ ರೈಫಲ್ ಚೀಲದಲ್ಲೇ ಇತ್ತು, ಜಿಪ್ಪು ಕೂಡ ತೆಗೆದಿರಲಿಲ್ಲ.

ಆ ಎರಡು ಗಾಳಿಯ ಬಗ್ಗೆ ನಾಳೆ ಒಂದು ಚಿತ್ರ ಬರೆದಿಟ್ಟುಕೊಳ್ಳಬೇಕು.

ಮಾರ್ಚ್ ೨೦, ಭಾನುವಾರ

ಸ್ಟ್ರುವನ್‌ಗೆ ಕಾಗದ ಬರೆದೆ.

ಮೊದಲ ಸಲ ಬರೆದದ್ದು ಉದ್ದವಾಗಿತ್ತು. ನೋಲೀನ್‌ಗೆ ನೆರವಾಗಲೆಂದು ಹೇಳಿದೆ, ಅಭ್ಯಾಸಬಲದಿಂದ ಬಾಯಿಗೆ ಬಂತು ಎಂದೆಲ್ಲ ಇತ್ತು. ಓದಿದೆ. ನೆರವಾಗಲೆಂದೇ ಹೇಳಿದೆನೇ? ನನ್ನ ಗುಂಡು ಹಾಳಾಗಿತ್ತು. ಅವಳದಾದರೂ ಉಳಿಯಲಿ ಎಂದೇ? ಅಥವಾ ಅವಳ ಏಕಾಗ್ರತೆ ಕದಡಲೆಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತೇ? ಇತ್ತೆಂದು ಅನಿಸುವುದಿಲ್ಲ. ಇರಲಿಲ್ಲವೆಂದು ಆಣೆ ಮಾಡಲೂ ಆರೆ. ಬಾವುಟ ಬಿತ್ತು, ಹೇಳಿದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕಾಗದದಲ್ಲಿ ಬರೆಯುವುದೇಕೆ ಎಂದು ಅದನ್ನು ಹರಿದೆ.

ಇಯನ್ ಇಣುಕಿದ. "ಮುಗೀತಾ? ಇಲ್ಲ ನಿನ್ನ ಮನಸ್ಸಿನ ಹವಾಮಾನ ಇನ್ನೂ ಒಂದು ಪುಟ ಬಾಕಿ ಇದೆಯಾ?"

"ಹವಾಮಾನ ತೆಗೆದುಬಿಟ್ಟೆ."

"ಹಾಗಾದ್ರೆ ಊಟಕ್ಕೆ ಬಾ."

ಎರಡನೆಯದು ಚಿಕ್ಕದು. ಒಬ್ಬೊಬ್ಬರ ಪಂದ್ಯದಲ್ಲಿ ಸಾವಿರ ಗಜದ ಸಾಲಿನಲ್ಲಿ ಪಕ್ಕದ ದಿಬ್ಬದವರಿಗೆ ನಾನು ಗಾಳಿ ಹೇಳಿದೆ. ಅದರಿಂದ ಅವರು ತಲೆಯೆತ್ತಿ, ಮರಳಿ ಮಲಗಿ, ನನ್ನ ಹಲಗೆಗೆ ಹೊಡೆದರು. ನನಗೆ ಕೊಟ್ಟ ಐದು ನನ್ನದಲ್ಲ. ನನ್ನದು ಅಂಚಿನ ಮೂರು. ಇದನ್ನು ಅಂದೇ ಹೇಳಬೇಕಾಗಿತ್ತು, ಹೇಳಲಿಲ್ಲ. ತಂಡದ ಜಾಗವನ್ನು ಬಿಟ್ಟಿದ್ದೇನೆ. ಕ್ಲಬ್ಬು ಯಾವ ಶಿಕ್ಷೆ ಕೊಟ್ಟರೂ ಸರಿ. ಇಷ್ಟೇ. ಕೊನೆಗೆ ಹೆಸರು.

ಅವರು ನೋಲೀನಳನ್ನು ಕರೆಯಬಹುದು, ಕರೆಯದೆಯೂ ಇರಬಹುದು. ನನ್ನನ್ನು ಒಂದು ವರ್ಷ ಸಾಲಿನಿಂದ ಹೊರಗಿಡಬಹುದು. ಚಹಾದ ಶೆಡ್ಡಿನಲ್ಲಿ ನಾನು ಒಳಗೆ ಹೋದಾಗ ಮಾತು ನಿಲ್ಲಬಹುದು. ಇದನ್ನೆಲ್ಲ ಬರೆಯುವಾಗ ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳುತ್ತಿಲ್ಲ. ನೋಲೀನ್‌ಗೆ ಫೋನ್ ಮಾಡಿ ಕಾಗದ ಓದಿದೆ. ಅವಳು ಕೇಳಿ, "'ಅವರು' ಅಂತ ಬರ್ದಿದ್ದೀಯ ನನ್ನ. ಇಷ್ಟು ಮರ್ಯಾದೆ ಎಂದೂ ಕೊಟ್ಟಿರ್ಲಿಲ್ಲ" ಅಂದಳು. ಇನ್ನೊಮ್ಮೆ ಓದಿಸಿ, "ಸರಿಯಾಗಿದೆ. ಕಳಿಸು" ಅಂದಳು.

ಕವರಿಗೆ ಅಂಟು ಹಚ್ಚಿ ಸ್ಟಾಂಪು ಅಂಟಿಸಿದ್ದೇನೆ. ಭಾನುವಾರ ಅಂಚೆಯ ಗಾಡಿ ನಮ್ಮ ರಸ್ತೆಗೆ ಬರುವುದಿಲ್ಲ. ನಾಳೆ ಶೆಡ್ಡಿಗೆ ಹೋಗುವ ಮುಂಚೆ ಹಾಕುತ್ತೇನೆ: ಸೋಮವಾರ, ಮಾರ್ಚ್ ೨೧.